ಬಿಗಿಮಾವ ಬಿಗಿದ ಸ್ಕ್ರೂ

ಸ್ಕ್ರೂ ಬಂತು. ಮೊದಲೇ ಹೇಳಿಬಿಡುತ್ತೇನೆ. ಕಥೆ ಹೇಳುವವರು ಇಂಥದ್ದನ್ನೆಲ್ಲ ಕೊನೆಯವರೆಗೂ ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಳ್ಳಬೇಕಂತೆ. ಅದು ನನ್ನಿಂದಾಗದ ಕೆಲಸ. ಆ ದಿನ ನಾನು ಪಟ್ಟ ಪಾಡು ನನಗೇ ಸಾಕು, ಓದುವವರಿಗೂ ಯಾಕೆ ಆ ಶಿಕ್ಷೆ? ಸ್ಕ್ರೂ ಬಂತು, ಬೆಂಕಿ ಹತ್ತಲಿಲ್ಲ, ಯಾರ ಕೈಗೂ ಏನೂ ಆಗಲಿಲ್ಲ. ಆದರೆ ಸ್ಕ್ರೂ ಬಂದಷ್ಟಕ್ಕೇ ಮುಗಿಯಲಿಲ್ಲವಲ್ಲ, ಅದರ ಕೆಳಗೆ ಇದ್ದದ್ದು ಉಳಿದಿರಬೇಕಿತ್ತು. ಅಲ್ಲಿ ಏನಿತ್ತು ಎಂದು ಹೇಳುವ ಮೊದಲು, ಅದನ್ನು ಅಷ್ಟು ಬಿಗಿದ ಮಹಾನುಭಾವರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು.

ಅವರು ನನ್ನ ಸೋದರಮಾವ. ನಮಗೆಲ್ಲ ಬಿಗಿಮಾವ. ಬಸ್ ಡಿಪೋದಲ್ಲಿ ಚಕ್ರಗಳ ನಟ್ಟು ಬಿಗಿಯುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಕೈ ಮಾತ್ರ ನಿವೃತ್ತಿಯಾಗಲಿಲ್ಲ. ಅವರ ಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯಬೇಕಾದರೆ ಅವರೇ ಬರಬೇಕು. ನೆಂಟರು ಬಂದಾಗ ಮಾವ ಹೊರಗೆ ಹೋಗಿದ್ದರೆ ಎಲ್ಲರಿಗೂ ಸಪ್ಪೆ ಚಹಾವೇ ಗತಿ. ಕುಕ್ಕರಿನ ಹಿಡಿ, ಕುರ್ಚಿಯ ಕಾಲು, ಬಾಗಿಲ ಚಿಲಕ, ಯಾವುದೂ ಅವರ ಕೈಯಿಂದ ತಪ್ಪಿಸಿಕೊಂಡಿಲ್ಲ. ನಾನು ಶಾಲೆಗೆ ಹೋಗುವಾಗ ಒಂದು ಸಲ ನನ್ನ ನೀರಿನ ಬಾಟಲಿ ಅವರ ಕೈಗೆ ಸಿಕ್ಕಿತ್ತು. ಅವತ್ತು ನಾನು, ನಮ್ಮ ಮೇಷ್ಟ್ರು, ಶಾಲೆಯ ಜವಾನ ಮೂವರೂ ಸೇರಿ ಸೋತೆವು. ತುಂಬಿದ ಬಾಟಲಿ ಹಿಡಿದುಕೊಂಡು ಬಾಯಾರಿ ಮನೆಗೆ ಬಂದೆ.

ಇದಕ್ಕೊಂದು ಕಾರಣವಿದೆ. ಮಾವ ಕೆಲಸಕ್ಕೆ ಸೇರಿದ ಹೊಸತರಲ್ಲಿ ದೂರದೂರಿಂದ ಬಂದ ಬಸ್ಸೊಂದರ ಹಿಂದಿನ ಚಕ್ರದಲ್ಲಿ ಅರ್ಧಕ್ಕರ್ಧ ನಟ್ಟುಗಳೇ ಇರಲಿಲ್ಲವಂತೆ. ದಾರಿಯಲ್ಲಿ ಸಡಿಲಗೊಂಡು ಉದುರಿಹೋಗಿದ್ದವು. ಹಿರಿಯ ಮೆಕ್ಯಾನಿಕ್ಕು ಮಾವನ ಭುಜ ಹಿಡಿದು ಬಸ್ಸಿನ ಬಾಗಿಲ ಹತ್ತಿರ ನಿಲ್ಲಿಸಿ, "ಇಳಿಯೋರನ್ನ ನೋಡ್ತಾ ನಿಲ್ಲು" ಎಂದರಂತೆ. ನಿದ್ದೆಗಣ್ಣಿನಲ್ಲಿ ಇಳಿದವರು, ಚೀಲ ಹುಡುಕುತ್ತ ಇಳಿದವರು, ಮಲಗಿದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದ ಒಬ್ಬಾಕೆ. ಯಾರಿಗೂ ಏನೂ ಗೊತ್ತಿರಲಿಲ್ಲ. ಆ ನಟ್ಟು ಬಿಗಿದವರು ಮಾವ ಅಲ್ಲ, ಬೇರೆ ಯಾರೋ. ಆದರೂ ಅವತ್ತಿನಿಂದ ಸಡಿಲ ಎನ್ನುವುದು ಅವರ ಕಣ್ಣಿಗೆ ಆಗದಾಯಿತು.

ಡಿಪೋದಲ್ಲಿ ಒಂದು ಪದ್ಧತಿಯಿದೆ. ನಟ್ಟು ಬಿಗಿದಾದ ಮೇಲೆ ಅದರ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ನಟ್ಟು ಕೂದಲೆಳೆಯಷ್ಟು ಅಲುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಮಾವ ಈ ಪದ್ಧತಿಯನ್ನು ಮನೆಗೂ ತಂದರು. ಬಣ್ಣಕ್ಕೆ ಬದಲಾಗಿ ಅತ್ತೆಯ ಕೆಂಪು ನೈಲ್ ಪಾಲಿಶ್. ಅವರ ಮನೆಯ ನಲ್ಲಿ, ಫ್ಯಾನು, ಕಪಾಟಿನ ಕೀಲು ಎಲ್ಲದರ ಮೇಲೂ ಒಂದೊಂದು ಕೆಂಪು ಗೆರೆ. ಅತ್ತೆ ತಮ್ಮ ಉಗುರಿಗೆ ಆ ಬಣ್ಣ ಹಚ್ಚಿದ್ದನ್ನು ನಾನು ನೋಡಿಯೇ ಇಲ್ಲ, ಉಳಿದಿದ್ದರೆ ತಾನೇ!

ಅತ್ತೆಯ ಕೆಲಸವೂ ಬಸ್ಸಿನದ್ದೇ. ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡವಾಗುತ್ತದೆ ಎಂದು ಹೇಳುತ್ತಿದ್ದರು. ಬಸ್ಸು ತಪ್ಪಿಸಿಕೊಂಡವರಿಗೂ ಸಮಾಧಾನವಾಗುವಂಥ ದನಿ ಅದು. ತರಕಾರಿ ಅಂಗಡಿಯಲ್ಲಿ ಬಾಯಿ ಬಿಟ್ಟರೆ ಸಾಕು, ಪಕ್ಕದಲ್ಲಿದ್ದವರು ತಿರುಗಿ, "ಅಮ್ಮಾ, ನೀವು ಬಸ್ ಸ್ಟ್ಯಾಂಡಿನವರಲ್ವಾ?" ಎನ್ನುತ್ತಿದ್ದರು. ಅದೇ ದನಿಯಲ್ಲಿ ಮನೆಯಲ್ಲಿ ಮಾವನನ್ನು ಬೈಯುತ್ತಿದ್ದರು. ಮಾವ ಆ ಬೈಗುಳವನ್ನು ಹಾಡು ಕೇಳಿದ ಹಾಗೆ ಕೇಳಿಸಿಕೊಂಡು ಕೂರುತ್ತಿದ್ದರು.

ಆ ಗಂಟಲಿಗೇ ಗೆಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಒಬ್ಬರಿದ್ದರು. ಅವರು ಒಂದು ದಾರಿ ಹೇಳಿದರು: ಆಪರೇಷನ್ನಿಗೆ ಮೊದಲು ತಾವು ಕೊಡುವ ವಾಕ್ಯಗಳನ್ನು, ಜೊತೆಗೆ ಮನೆಯಲ್ಲಿ ದಿನಾ ಆಡುವ ಮಾತುಗಳನ್ನು ಅತ್ತೆ ತಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ ತರಬೇಕು, ಅದರಿಂದ ಒಂದು ಯಂತ್ರದ ದನಿ ತಯಾರಾಗುತ್ತದೆ, ಮುಂದೆ ಅತ್ತೆ ಬರೆದದ್ದನ್ನು ಆ ಯಂತ್ರ ಅತ್ತೆಯ ದನಿಯಲ್ಲೇ ಹೇಳುತ್ತದೆ. ನನ್ನ ಹಳೇ ಲ್ಯಾಪ್‌ಟಾಪನ್ನು ಅತ್ತೆಗೆ ಕೊಟ್ಟೆ.

ಅತ್ತೆ ಮಲಗುವ ಕೋಣೆಯಲ್ಲಿ ಬಟ್ಟೆ ಕಪಾಟಿನ ಬಾಗಿಲು ತೆರೆದಿಟ್ಟು ಅದರ ಎದುರು ಕೂತರು. ಬಟ್ಟೆ ಇದ್ದರೆ ದನಿ ಗೋಡೆಗೆ ಬಡಿದು ಮರಳುವುದಿಲ್ಲವಂತೆ, ಅದು ಅವರ ಕೆಲಸದ ಅನುಭವ. ಯಾರೂ ಕೇಳಿಸಿಕೊಳ್ಳಬಾರದು ಎಂದು ಮಾವನನ್ನು ಹೊರಗೆ ಕಳಿಸಿದರು. ಮಾವ ಹೊರಬಾಗಿಲಲ್ಲಿ ಕಾವಲು ಕೂತು, ಬೀದಿಯಲ್ಲಿ ಹಾರನ್ ಹೊಡೆದವರಿಗೆಲ್ಲ ಕೈಯೆತ್ತಿ ಗದರಿದರು. ಲ್ಯಾಪ್‌ಟಾಪಿನ ಚಾರ್ಜರ್ ಪಿನ್ನು ಸಡಿಲವಾಗಿದೆ ಎಂದು ಟೇಪು ಸುತ್ತಿ ಭದ್ರ ಮಾಡಿದರು. ಹಾಗಾಗಿ ಹಗಲಿರುಳು ಅದು ಕರೆಂಟು ಕುಡಿಯುತ್ತಲೇ ಇತ್ತು. ರೆಕಾರ್ಡಿಂಗ್ ಮುಗಿಯಿತು. ಅದನ್ನು ಪೆನ್ ಡ್ರೈವಿಗೆ ಹಾಕಿಕೊಳ್ಳಬೇಕು ಅನ್ನುವಷ್ಟರಲ್ಲಿ ಆಸ್ಪತ್ರೆಯಿಂದ ಫೋನ್: ಹಾಸಿಗೆ ಖಾಲಿಯಾಗಿದೆ, ಕೂಡಲೇ ಬನ್ನಿ. ಎಲ್ಲವನ್ನೂ ಹಾಗೆಯೇ ಬಿಟ್ಟು ಓಡಿದೆವು.

ಆಪರೇಷನ್ ಚೆನ್ನಾಗಿಯೇ ಆಯಿತು. ಅತ್ತೆಗೆ ಬಟ್ಟೆ ಒಯ್ಯಲು ಮಾವ ಮನೆಗೆ ಬಂದಾಗ ಮೇಜಿನ ಮೇಲೆ ಲ್ಯಾಪ್‌ಟಾಪು ನೆಟ್ಟಗೆ ಕೂತಿರಲಿಲ್ಲ. ತಳದ ಒಂದು ಮೂಲೆ ಬಾಯಿಬಿಟ್ಟಿತ್ತು. ಬೇರೆ ಯಾರೇ ಆಗಿದ್ದರೂ ಒಳಗೆ ಏನೋ ಉಬ್ಬಿದೆ ಅಂದುಕೊಳ್ಳುತ್ತಿದ್ದರು. ಬ್ಯಾಟರಿ ನಿಜವಾಗಿಯೂ ಉಬ್ಬಿತ್ತು. ಬಿಗಿಮಾವನಿಗೆ ಕಂಡದ್ದು ಮಾತ್ರ ಸಡಿಲ! ಡಿಪೋದ ಚೀಲ ತೆಗೆದರು, ದೊಡ್ಡ ಸ್ಕ್ರೂಡ್ರೈವರ್ ತೆಗೆದರು, ಮೊಣಕಾಲಿನಿಂದ ಒತ್ತಿ ಹಿಡಿದು ತಳದ ಸ್ಕ್ರೂಗಳನ್ನೆಲ್ಲ ಬಿಗಿದರು. ಬಿಟ್ಟ ಬಾಯಿ ಮುಚ್ಚಿತು. ಒಂದೊಂದರ ಮೇಲೂ ಕೆಂಪು ಗೆರೆ ಎಳೆದು, ಹೆಂಡತಿಯ ವಸ್ತುವನ್ನು ಜೋಪಾನ ಮಾಡಿದೆ ಎಂದು ನೆಮ್ಮದಿಯಿಂದ ಆಸ್ಪತ್ರೆಗೆ ಹೊರಟರು. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುವುದು ಇದಕ್ಕೇ.

ಆಮೇಲೆ ಲ್ಯಾಪ್‌ಟಾಪು ಆನ್ ಆಗಲೇ ಇಲ್ಲ. ಮಾವ ಗಾಬರಿಯಾಗಿ ಬಿಗಿದದ್ದನ್ನೆಲ್ಲ ಬಿಚ್ಚಲು ಕೂತರು. ಉಳಿದವೆಲ್ಲ ಬಂದವು, ಮೂಲೆಯ ಒಂದು ಬರಲಿಲ್ಲ. ಅದರ ತಲೆ ಬಿಗಿಯುವಾಗಲೇ ಅರ್ಧ ಸವೆದಿತ್ತು, ಬಿಚ್ಚುವಾಗ ಉಳಿದರ್ಧವೂ ಸವೆಯಿತು. ಪ್ಲಸ್ ಗುರುತು ಹೋಗಿ ನುಣ್ಣನೆಯ ಬಟ್ಟಲಾಯಿತು. ಏನು ಹಾಕಿ ತಿರುಗಿಸಿದರೂ ಜಾರುತ್ತಿತ್ತು.

ಅತ್ತೆ ಮನೆಗೆ ಬಂದರು. ಕತ್ತಿನ ತೂತಿಗೆ ತೆಳು ಬಟ್ಟೆ, ಕೈಯಲ್ಲಿ ಬರೆದು ಅಳಿಸುವ ಸ್ಲೇಟು. ಮಾವ ಅವರ ಎದುರು ನಿಂತು, ಮುಚ್ಚುಮರೆಯಿಲ್ಲದೆ ತಾವೇ ಎಲ್ಲ ಹೇಳಿದರು. ಅತ್ತೆ ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಬರೆದರು: "ಬಿಡಿ. ಅಷ್ಟು ವರ್ಷ ಮೈಕಲ್ಲಿ ಮಾತಾಡಿದ್ದೀನಲ್ಲ, ಸಾಕು." ಮಾವ ಅದನ್ನು ಓದಿ ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದರು. ನೀರಿನ ಸದ್ದಿನ ನಡುವೆಯೂ ನಮಗೆ ಅವರ ಅಳು ಕೇಳಿಸಿತು.

ಅವತ್ತಿನಿಂದ ಮಾವ ಬಿಗಿಯುವುದನ್ನೇ ಬಿಟ್ಟರು. ನಾನು ಹೋದಾಗಲೆಲ್ಲ ನಲ್ಲಿ ತೊಟ್ಟಿಕ್ಕುತ್ತಿತ್ತು. ಡಬ್ಬಿಗಳ ಮೇಲೆ ಮುಚ್ಚಳ ಸುಮ್ಮನೆ ಇಟ್ಟಿರುತ್ತಿತ್ತು, ಸಕ್ಕರೆಗೆ ಇರುವೆ ಮುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇವರದ್ದು ಹೋಗಿತ್ತು. ವರ್ಷಗಟ್ಟಲೆ ಆ ಗುಣವನ್ನು ಬೈದವಳು ನಾನು, ಈಗ ಹೆದರಿಕೆಯಾಯಿತು. ಕೋಪವೂ ಬಂತು. ನಾನು ಹೆದರಿದಾಗ ನನಗೆ ಬರುವುದು ಕೋಪವೇ.

"ಮಾವ, ಹೀಗೆ ತಲೆ ಮೇಲೆ ಕೈ ಹೊತ್ತು ಕೂತ್ರೆ ಸ್ಕ್ರೂ ತಾನಾಗೇ ಎದ್ದು ಬರುತ್ತಾ? ಏಳಿ, ಚಪ್ಪಲಿ ಹಾಕ್ಕೊಳ್ಳಿ."

"ನಾನು ಮುಟ್ಟಿದ್ದೆಲ್ಲ ಹಾಳಾಗುತ್ತೆ ಕಣೇ. ನೀನೇ ತಗೊಂಡು ಹೋಗು."

"ಹಾಳು ಮಾಡೋಕೆ ಬಂದ ಕೈ ರಿಪೇರಿಗೂ ಬರಬೇಕು."

ಅತ್ತೆ ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಸಾಕು ಎಂದು ಬರೆದವರು! ನಾನು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದೆ.

ಮೊದಲು ಹೋದ ಅಂಗಡಿಯವನು ಉಬ್ಬಿದ ತಳವನ್ನು ದೂರದಿಂದಲೇ ನೋಡಿ ಕೈ ಅಲ್ಲಾಡಿಸಿದ. ಎರಡನೆಯದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ತಗಡಿನ ಚಾವಣಿ, ಉದ್ದ ಮೇಜು, ಒಂದೇ ಕಿಟಕಿ. ನಡುವಯಸ್ಸಿನ ಹೆಂಗಸೊಬ್ಬರು ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಕೂತಿದ್ದರು. ಆ ಬೀದಿಯಲ್ಲಿ ಅವರನ್ನು ಭೂತಗನ್ನಡಿ ಅಕ್ಕ ಎಂದೇ ಕರೆಯುತ್ತಾರೆ. ನೆತ್ತಿ ಸುಡುವ ಬೇಸಿಗೆಯಲ್ಲೂ ಫ್ಯಾನು ಹಾಕಿರಲಿಲ್ಲ; ಹಾಕಿದರೆ ಸಣ್ಣ ಸಾಮಾನುಗಳೆಲ್ಲ ಹಾರಿಹೋಗುತ್ತವಂತೆ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಅತ್ತೆಯ ಕತ್ತಿನ ಬಟ್ಟೆಯನ್ನು ನೋಡಿದರು, ಮಾವನ ಕೈಗಳನ್ನು ನೋಡಿದರು, ಆಮೇಲೆ ಮೇಜಿನ ಕೆಳಗಿನಿಂದ ಮರಳಿನ ಬಕೆಟ್ಟನ್ನು ಕಾಲಿನಿಂದ ಹತ್ತಿರ ಎಳೆದುಕೊಂಡರು.

"ಮೊದಲೇ ಹೇಳ್ತೀನಿ," ಎಂದರು ಅಕ್ಕ. "ಬ್ಯಾಟರಿ ಪೂರಿ ಥರ ಉಬ್ಬಿದೆ. ಚುಚ್ಚಿದ್ರೆ, ಕಾಯಿಸಿದ್ರೆ ಹೊತ್ತಿಕೊಳ್ಳುತ್ತೆ. ಹತ್ತಿದ್ರೆ ಒಳಗಿರೋದೆಲ್ಲ ಹೋಗುತ್ತೆ. ಡ್ರಿಲ್ ಹಾಕಲ್ಲ, ತಳ ಒಡೆಯಲ್ಲ. ಬರೀ ಕೈ ಕೆಲಸ. ಬಂದ್ರೆ ಬಂತು."

ಸ್ಕ್ರೂ ತಲೆಯ ಮೇಲೆ ರಬ್ಬರ್ ಬ್ಯಾಂಡಿನ ತುಂಡು ಇಟ್ಟು, ಅದರ ಮೇಲೆ ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದರು. ರಬ್ಬರ್ ಹರಿದುಹೋಯಿತು. ಗೋಂದು ಹಾಕಿ ಸ್ಕ್ರೂಡ್ರೈವರಿನ ತುದಿಯನ್ನೇ ಸ್ಕ್ರೂಗೆ ಅಂಟಿಸಿದರು. ಒಣಗುವವರೆಗೆ ನಾವೆಲ್ಲ ಗೋಡೆ ನೋಡುತ್ತ ಕೂತೆವು. ತಿರುಗಿಸಿದರೆ ಗೋಂದು ಕಿತ್ತು ಬಂತು, ಸ್ಕ್ರೂ ಜಪ್ಪಯ್ಯ ಎನ್ನಲಿಲ್ಲ. ಅಕ್ಕ ಭೂತಗನ್ನಡಿ ಸರಿಪಡಿಸಿಕೊಂಡು ಬಗ್ಗಿದರು.

"ಇದೇನು ಸುತ್ತ ಕೆಂಪಗೆ?"

ಮಾವ ಕೆಮ್ಮಿದರು. "ನೈಲ್ ಪಾಲಿಶು. ಗೆರೆ ಎಳೆದಿದ್ದೆ. ಸ್ವಲ್ಪ ಜಾಸ್ತಿ ಸುರೀತು."

ಅಕ್ಕ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಸಿಮೆಂಟ್ ಸಿಕ್ಕಿರಲಿಲ್ವಾ?"

ಅತ್ತೆಯ ಭುಜ ಕುಲುಕಿತು. ದನಿಯಿಲ್ಲದ ಅವರ ನಗುವನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕ ಬಣ್ಣ ಕರಗಿಸುವ ದ್ರವವನ್ನು ಸೂಜಿಯ ತುದಿಯಲ್ಲಿ ಅದ್ದಿ ಸ್ಕ್ರೂವಿನ ಅಂಚಿಗೆ ಮುಟ್ಟಿಸಿದರು. ಅದು ಒಳಗಿಳಿದು ಆರುವವರೆಗೆ ಬಿಟ್ಟು, ನಕ್ಷತ್ರದ ಆಕಾರದ ಬಿಟ್ ಎಂಬ ಸ್ಕ್ರೂಡ್ರೈವರಿನ ಬಿಡಿ ತುದಿಯೊಂದನ್ನು ಹುಡುಕಿ, ಸವೆದ ಬಟ್ಟಲಿನೊಳಗೆ ಪುಟ್ಟ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿ ಕೂರಿಸಿದರು. ಒಂದೊಂದು ಏಟಿಗೂ ಮಾವ ಕಣ್ಣು ಮುಚ್ಚುತ್ತಿದ್ದರು.

"ಇದು ಕಚ್ಚಿಕೊಂಡಿದೆ," ಎಂದರು ಅಕ್ಕ. "ಇದೂ ಜಾರಿದ್ರೆ ನನ್ನ ಹತ್ರ ಬೇರೆ ದಾರಿ ಇಲ್ಲ. ಮೇಲಿಂದ ಬಲವಾಗಿ, ಅಲುಗದ ಹಾಗೆ ಒತ್ತಿ ಹಿಡೀಬೇಕು. ನಾನು ಗ್ಲಾಸಲ್ಲಿ ನೋಡ್ತಾ ಸ್ಪ್ಯಾನರ್ ತಿರುಗಿಸ್ತೀನಿ. ಒತ್ತೋಕೆ ನನ್ನ ತೂಕ ಸಾಲದು. ಯಜಮಾನ್ರೇ, ಬನ್ನಿ."

ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು. "ನಾನು ಬೇಡ."

ಅತ್ತೆ ಸ್ಲೇಟು ಬದಿಗಿಟ್ಟು ಎದ್ದು ಬಂದರು. ಮಾವನ ಬಲಗೈಯನ್ನು ಹಿಂದಿನಿಂದ ಎಳೆದು ಬಿಟ್ಟಿನ ಮೇಲೆ ಇಟ್ಟರು. ಆ ಹೊತ್ತಿಗೆ ಬರವಣಿಗೆ ಬೇಕಾಗಿರಲಿಲ್ಲ.

ಮಾವ ಒತ್ತಿದರು. ಒತ್ತಿದ ಕೂಡಲೇ ಅವರ ಮುಖ ಬದಲಾಯಿತು, ನಿಲುವು ಬದಲಾಯಿತು. ಕಾಲು ಅಗಲಿಸಿ, ಭುಜ ಬಗ್ಗಿಸಿ, ಡಿಪೋದಲ್ಲಿ ಚಕ್ರದ ಮುಂದೆ ನಿಲ್ಲುವ ಹಾಗೆ ನಿಂತರು. ಅಕ್ಕ ಸ್ಪ್ಯಾನರ್ ಇನ್ನೇನು ಬಿಚ್ಚುವ ಕಡೆಗೆ ಎಳೆಯಬೇಕು, ಅಷ್ಟರಲ್ಲಿ ಮಾವ ಹೇಳಿದರು:

"ತಡೀಮ್ಮಾ. ಮೊದಲು ಬಿಗಿಯೋ ಕಡೆ ತಿರುಗಿಸು."

ನನಗೆ ತಲೆ ಕೆಟ್ಟುಹೋಯಿತು. "ಮಾವಾ! ನಿಮಗೆ ಕೈ ಮುಗೀತೀನಿ! ಬಿಗಿದು ಬಿಗಿದು ಇಷ್ಟು ಮಾಡಿದ್ದು ಸಾಲದಾ?"

"ಬಿಗಿಯೋಕಲ್ಲ ಕಣೇ. ತುಕ್ಕು ಹಿಡಿದ ನಟ್ಟು ನೇರವಾಗಿ ಬಿಚ್ಚೋಕೆ ಹೋದ್ರೆ ಮುರಿಯುತ್ತೆ. ಒಂದು ಕೂದಲೆಳೆ ಮುಂದಕ್ಕೆ ತಳ್ಳಿದ್ರೆ ಹಿಡಿತ ಬಿಡುತ್ತೆ. ಆಮೇಲೆ ಹಿಂದಕ್ಕೆ." ಹೇಳುವಾಗಲೂ ಅವರು ಒತ್ತಿದ ಕೈ ಸಡಿಲಿಸಲಿಲ್ಲ.

ಅಕ್ಕ ಭೂತಗನ್ನಡಿ ಮೇಲೆತ್ತಿ ಯೋಚಿಸಿದರು. "ಹೌದು, ದೊಡ್ಡ ಬೋಲ್ಟಿಗೆ ಹಾಗೆ ಮಾಡ್ತಾರೆ. ಇಷ್ಟು ಚಿಕ್ಕದಕ್ಕೆ ನಾನು ಮಾಡಿಲ್ಲ. ತಲೆ ತುಂಡಾದ್ರೆ?"

ಮೂವರೂ ಅತ್ತೆಯ ಕಡೆ ನೋಡಿದೆವು. ದನಿ ಅವರದ್ದು, ನಿರ್ಧಾರವೂ ಅವರದ್ದೇ. ಅತ್ತೆ ಗಂಡನ ಕೈಯನ್ನು ನೋಡಿದರು. ಗಾಳಿಯಲ್ಲಿ ಬೆರಳಿನಿಂದ ಬಿಗಿಯುವ ಕಡೆಗೆ ಒಂದು ಸುತ್ತು ಬರೆದು ತೋರಿಸಿದರು.

ಅಕ್ಕ ಸ್ಪ್ಯಾನರ್ ತಳ್ಳಿದರು. ಅಳಿದುಳಿದ ಕೆಂಪು ಗೆರೆಯ ಮೇಲೆ ಅಕ್ಕನ ಕಣ್ಣು ನೆಟ್ಟಿತ್ತು. ಬರೀ ಬಿಟ್ ಜಾರಿದರೆ ಗೆರೆ ಹಾಗೆಯೇ ಇರುತ್ತದೆ. ಸ್ಕ್ರೂವೇ ತಿರುಗಿದರೆ ಗೆರೆ ತುಂಡಾಗುತ್ತದೆ. ಟಿಕ್ ಎಂದು ಉಗುರು ಮುರಿದಷ್ಟು ಸಣ್ಣ ಸದ್ದು.

"ಮುರೀತಾ?" ಎಂದೆ.

"ಗೆರೆ ತುಂಡಾಯ್ತು!" ಎಂದು ಕೂಗಿದರು ಅಕ್ಕ. "ಸ್ಕ್ರೂನೇ ಅಲುಗಿದ್ದು! ಯಜಮಾನ್ರೇ, ಕೈ ಬಿಡಬೇಡಿ, ಹಾಗೇ ಇರಿ, ಹಾಗೇ ಇರಿ..."

ಸ್ಪ್ಯಾನರ್ ಹಿಂದಕ್ಕೆ ಬಂತು. ಇನ್ನೊಂದಿಷ್ಟು ಬಂತು. ಆಮೇಲೆ ಏನೂ ಆಗೇ ಇಲ್ಲವೆಂಬ ಹಾಗೆ, ಜೀರಿಗೆ ಕಾಳಿನಷ್ಟಿದ್ದ ಆ ಚಂಡಿ ಸ್ಕ್ರೂ ಮೇಜಿನ ಮೇಲೆ ಉರುಳಿತು. ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಸ್ಟೂಲಿನ ಮೇಲೆ ಕುಸಿದು ಕೂತೆ. ಮಾವ ಮಾತ್ರ ಸ್ಕ್ರೂ ಇದ್ದ ಜಾಗದ ಮೇಲೆ ಕೈ ಒತ್ತಿಕೊಂಡೇ ನಿಂತಿದ್ದರು. ಬಂತು ಎಂದು ಅತ್ತೆ ಅವರ ಬೆನ್ನು ತಟ್ಟಿದ ಮೇಲೆ ಕೈ ತೆಗೆದರು. ಅಂಗೈಯಲ್ಲಿ ಬಿಟ್ಟಿನ ಗುರುತು ಕೆಂಪಗೆ ಮೂಡಿತ್ತು.

ಅಕ್ಕ ತಳ ಎತ್ತಿ, ಉಬ್ಬಿದ ಬ್ಯಾಟರಿಯನ್ನು ಎಳೆಗೂಸನ್ನು ಎತ್ತುವ ಹಾಗೆ ಎತ್ತಿ ಮರಳಿನ ಬಕೆಟ್ಟಿನಲ್ಲಿ ಮಲಗಿಸಿದರು. ರೆಕಾರ್ಡಿಂಗನ್ನೆಲ್ಲ ಇಟ್ಟುಕೊಂಡಿದ್ದ ಒಳಗಿನ ಡ್ರೈವನ್ನು ಬಿಡಿಸಿ ತಿರುಗಿಸಿ ನೋಡಿದರು. ಮೇಲೆ ಬ್ಯಾಟರಿ ಒತ್ತಿದ ಒಂದು ಗುರುತಿತ್ತು. "ಓದುತ್ತೋ ಇಲ್ವೋ, ಹಾಕಿ ನೋಡಬೇಕು" ಎಂದಷ್ಟೇ ಹೇಳಿ ತಮ್ಮ ಕಂಪ್ಯೂಟರಿಗೆ ವೈರಿನಿಂದ ಜೋಡಿಸಿದರು. ಪರದೆಯ ಮೇಲೆ ಏನೂ ಬರಲಿಲ್ಲ. ವೈರು ತೆಗೆದು ಮತ್ತೆ ಹಾಕಿದರು. ಏನೂ ಇಲ್ಲ. ಮಾವ ನನ್ನ ಹಿಂದೆ ನಿಂತು ಏನನ್ನೋ ಗೊಣಗುತ್ತಿದ್ದರು, ಪ್ರಾರ್ಥನೆಯೋ ಬೈಗುಳವೋ ಗೊತ್ತಾಗಲಿಲ್ಲ. ಅಕ್ಕ ವೈರನ್ನೇ ಬದಲಾಯಿಸಿದರು. ಆಗ ಪರದೆ ತುಂಬ ಸಾಲು ಸಾಲಾಗಿ ಫೈಲುಗಳು ಬಂದವು.

"ಯಾವುದು ಹಾಕ್ಲಿ ಅಮ್ಮಾ?"

ಅತ್ತೆ ಯಾವುದಾದರೂ ಸರಿ ಎಂದು ಕೈ ಮಾಡಿದರು. ಅಕ್ಕ ನಡುವಿನ ಒಂದನ್ನು ಒತ್ತಿದರು. ಸರಸರ ಸದ್ದು. ಒಂದು ಸಣ್ಣ ಕೆಮ್ಮು. ಆಮೇಲೆ ಆ ಮೇಜಿನ ಹಳೇ ಸ್ಪೀಕರಿನಿಂದ, ಎಲ್ಲೂ ಒಡೆಯದ, ಎಲ್ಲೂ ಅವಸರವಿಲ್ಲದ ಅತ್ತೆಯ ದನಿ:

"ರೀ, ಆ ಕಿಟಕಿ ಸ್ವಲ್ಪ ಹಾಕ್ರೀ. ಚಳಿ ಆಗ್ತಿದೆ."

ನಾನು ಅತ್ತೆಯನ್ನು ನೋಡಿದೆ. ನೋಡುತ್ತಿರುವಾಗಲೇ ನನ್ನ ಪಕ್ಕದಿಂದ ಮಾವ ಹೊರಟರು. ಮೇಜು ಬಳಸಿ, ಮರಳಿನ ಬಕೆಟ್ಟು ದಾಟಿ, ಬೆವರು ಸುರಿಯುವ ಆ ಕೋಣೆಯ ಒಂದೇ ಒಂದು ಕಿಟಕಿಯನ್ನು ಎಳೆದು ಮುಚ್ಚಿದರು. ಚಿಲಕ ಹಾಕಿದರು. ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಅಲುಗಿಸಿಯೂ ನೋಡಿದರು. ಅಕ್ಕ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮಾವ ತಿರುಗಿದರು. ಅವರ ಕಣ್ಣು ಹೋದದ್ದು ಸ್ಪೀಕರಿನ ಕಡೆಗಲ್ಲ, ಅತ್ತೆಯ ಕಡೆಗೆ.

"ಈಗ ಸರಿ ಹೋಯ್ತಾ?" ಎಂದು ಕೇಳಿದರು.

ಅತ್ತೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು, ಹೌದು ಹೌದು ಎಂದು ತಲೆಯಾಡಿಸಿದರು.